ಒಳಮೂಲೆ

ನಮ್ಮ ಭಾವನಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಕೋಪ ಮೂಗಿನ ತುದಿಯಲ್ಲೇ. ಅದು ಮಾವನಿಂದ ಬಂದದ್ದು. ಗಡಿಯಾರದ ಕೆಲಸ ಕೆಟ್ಟರೆ ಮಾವ ಇಬ್ಬರು ಮಕ್ಕಳ ಬೆರಳಗೆಣ್ಣಿಗೂ ಅರದಲ್ಲೇ ಬಾರಿಸುತ್ತಿದ್ದರಂತೆ. ನನ್ನ ಗಂಡ ಅತ್ತು ಕಲಿತರು, ಭಾವ ಹಲ್ಲು ಕಚ್ಚಿ ಕಲಿತರು. ಪುಣ್ಯಾತ್ಮ, ಕಸುಬಿನ ಜೊತೆಗೆ ಹೊಡೆತವನ್ನೂ ಕಲಿತುಬಿಟ್ಟರು. ಉಕ್ಕು ತಂದುಕೊಡುವವನ ಹಲ್ಲು ಉದುರಿಸಿದ್ದಾರೆ, ಪಕ್ಕದ ಅಂಗಡಿಯವನನ್ನು ಕೊರಳಪಟ್ಟಿ ಹಿಡಿದು ಬೀದಿಗೆ ಎಸೆದಿದ್ದಾರೆ. ಆದರೆ ಕೈಗಡಿಯಾರ ಮಾಡಲು ಕೂತರೆ ಅದೇ ಕೈ ಮಗುವನ್ನು ಸವರಿದ ಹಾಗೆ ಸವರುತ್ತಿತ್ತು.

ಗಡಿಯಾರ ಕೂಡಿಡುವ ಶೋಕಿಯವರು ಮುಳ್ಳು ನೋಡುವುದಿಲ್ಲ. ಗಡಿಯಾರದ ಬೆನ್ನು ತಿರುಗಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಕ್ರಗಳನ್ನು ಹಿಡಿದಿರುವ ಉಕ್ಕಿನ ಪಟ್ಟಿಯ ಅಂಚನ್ನು ನೋಡುತ್ತಾರೆ. ಓರೆಯಾಗಿ ತೀಡಿದ ಆ ಅಂಚಿನ ಮೇಲೆ ಬೆಳಕು ತಡೆಯಿಲ್ಲದೆ ಹರಿಯಬೇಕು. ಕೊನೆಗೆ ಅವರ ಕಣ್ಣು ನಿಲ್ಲುವುದು ಅಂಚು ಒಳಕ್ಕೆ ತಿರುಗುವ ಮೂಲೆಯಲ್ಲಿ. ಅಲ್ಲಿ ಕೂದಲೆಳೆಯಷ್ಟು ಚೂಪಾದ ಗೆರೆ ಇದ್ದರೆ ಕೈಕೆಲಸ, ಬೆಲೆ ಆಕಾಶಕ್ಕೆ. ಮೂಲೆ ಗುಂಡಗಿದ್ದರೆ ಮಿಷನ್ ಕೆಲಸ, ಏಕೆಂದರೆ ತಿರುಗುವ ಸಾಣೆ ಅಲ್ಲಿಗೆ ನುಗ್ಗಲಾರದು. ಅಂಥದ್ದನ್ನು ಅವರು ಮೂಸಿಯೂ ನೋಡುವುದಿಲ್ಲ.

ಭಾವನ ಕಣ್ಣು ಮಂಜಾಗತೊಡಗಿದ ಮೇಲೆ ಅವರ ಮೂಲೆಗಳು ಗುಂಡಗಾದವು. ಹೇಳುವ ಎದೆ ಯಾರಿಗಿತ್ತು? ಅಣ್ಣ ಊಟಕ್ಕೆ ಎದ್ದಾಗ ನನ್ನ ಗಂಡ ಅವರ ಪಟ್ಟಿಗಳನ್ನು ತೆಗೆದು ಮೂಲೆ ಚೂಪು ಮಾಡಿಡುತ್ತಿದ್ದರು. ಒಮ್ಮೆ ಭಾವ ಬೇಗ ಬಂದು, ತಮ್ಮ ಮೇಜಿನ ಮೇಲೆ ಇವರು ಬಾಗಿದ್ದನ್ನು ಕಂಡು ಗುರುಗುಟ್ಟಿದ್ದರು.

ಹಾಳಾದ ಜ್ವರ ಬಂದು ಇವರು ಮಲಗಿದಾಗ ಒಂದು ಗಡಿಯಾರ ತಿದ್ದದೆ ಉಳಿಯಿತು. ಕೊಳ್ಳಲು ಬಂದವನು ಅದನ್ನು ತಿರುಗಿಸಿ ನೋಡಿ, ಮಿಷನ್ನಿನದನ್ನು ಕೈಕೆಲಸ ಅಂತ ಮಾರ್ತೀರಾ ಎಂದು ಕೇಳಿ ಮೇಜಿನ ಮೇಲೆ ಇಟ್ಟುಬಿಟ್ಟ. ಭಾವನ ಮುಖ ಕಪ್ಪಿಟ್ಟಿತು. ಒಳಗೆ ಬಂದವರೇ ತಮ್ಮನನ್ನು ಹಾಸಿಗೆಯಿಂದ ಕೆಲಸದ ಮೇಜಿನ ಬಳಿಗೆ ದರದರನೆ ಎಳೆದುಕೊಂಡು ಹೋದರು.

“ನಾನಿಲ್ಲದಾಗ ನನ್ನ ಕೆಲಸ ಮುಟ್ಟಿದ್ದು ನೀನು ತಾನೆ?”

“ಹೌದಣ್ಣ,” ಎಂದರು ಇವರು. ಅಷ್ಟೇ. ಯಾಕೆ ಮುಟ್ಟಿದ್ದು ಅಂತ ಹೇಳಲಿಲ್ಲ ಈ ಮಹಾನುಭಾವರು.

ತಾವು ಚೂಪು ಮಾಡಿದ್ದ ಮೂಲೆಗೆ ತಮ್ಮ ಕದ್ದು ಮಿಷನ್ ಹಿಡಿಸಿದ್ದಾನೆ ಎಂದೇ ಭಾವ ತಿಳಿದರು. ಇವರ ಬಲಗೈಯನ್ನು ಉಕ್ಕು ಬಡಿಯುವ ಅಡಿಗಲ್ಲಿನ ಮೇಲೊತ್ತಿ ಸುತ್ತಿಗೆಯಲ್ಲಿ ಹೊಡೆದರು, ಮತ್ತೆ ಹೊಡೆದರು. ಕೊಳ್ಳಲು ಬಂದವನು ತನ್ನ ಭೂತಗನ್ನಡಿಯನ್ನೂ ಬಿಟ್ಟು ಓಡಿದ. ನಾನು ಭಾವನ ತೋಳು ಕಚ್ಚಿದೆ. ಕೊಡವಿದ ರಭಸಕ್ಕೆ ಬೀರುವಿಗೆ ಬಡಿದು ಬಿದ್ದೆ.

ಆ ಬೆರಳುಗಳು ಇನ್ನು ಅರ ಹಿಡಿಯುವುದಿಲ್ಲ ಎಂದರು ಡಾಕ್ಟರು. ಭಾವನಿಗೆ ಎಲ್ಲ ಹೇಳಿಬಿಡಲು ಎದ್ದೆ. ನಿಜ ಹೇಳಿದರೆ ತನ್ನ ಮೇಲಾಣೆ ಎಂದು ಇವರು ನನ್ನ ಬಾಯಿ ಕಟ್ಟಿಹಾಕಿದರು.

ಮುಂದಿನ ಗಡಿಯಾರವನ್ನು ಭಾವ ಕೋಣೆಗೆ ಬೀಗ ಜಡಿದುಕೊಂಡು ಒಬ್ಬರೇ ಮುಗಿಸಿದರು. ಅದೂ ವಾಪಸು ಬಂತು. ಇದನ್ನು ಯಾರೂ ಮುಟ್ಟಿಲ್ಲವಲ್ಲ ಎಂದು ಗೊಣಗುತ್ತಾ ಕೂತಿದ್ದರು. ಆಗ ನನ್ನಿಂದ ತಡೆಯಲಾಗಲಿಲ್ಲ. ಆಣೆ ಹಾಳಾಗಿ ಹೋಗಲಿ ಎಂದುಕೊಂಡು, ಎಂದೂ ಭಾವನಿಗೆ ಎದುರು ಮಾತಾಡದವಳು ಏಕವಚನದಲ್ಲೇ ಎಲ್ಲ ಒದರಿದೆ.

“ನಿನ್ನ ಮಾನ ಉಳಿಸಿದ ಕೈ ಕಣೋ ಅದು.”

ಭಾವ ವಾಪಸು ಬಂದ ಗಡಿಯಾರದ ಒಳಮೂಲೆಯ ಮೇಲೆ ಉಗುರು ಎಳೆದು ನೋಡಿದರು. ಆಮೇಲೆ ತಮ್ಮದೇ ಬಲಗೈಯನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯನ್ನು ನನ್ನ ಕಡೆ ನೂಕಿದರು.

“ಹೊಡಿ,” ಎಂದರು.

ಹೊಡೆದೆ. ಸುಳ್ಳು ಯಾಕೆ ಹೇಳಲಿ, ಎದೆ ತಣ್ಣಗಾಯಿತು. ಇನ್ನೊಮ್ಮೆ ಎತ್ತುವಷ್ಟರಲ್ಲಿ ಇವರು ಓಡಿಬಂದು ಎಡಗೈಯಲ್ಲಿ ನನ್ನ ಕೆನ್ನೆಗೆ ಬಾರಿಸಿದರು. ಮದುವೆಯಾದ ಮೇಲೆ ಮೊದಲ ಸಲ ನನ್ನ ಮೇಲೆ ಕೈಯೆತ್ತಿದ್ದು. ಸುತ್ತಿಗೆ ಕಿತ್ತುಕೊಂಡು, ಅಣ್ಣನ ಕೈಯನ್ನು ಎದೆಗವಚಿಕೊಂಡು, ನನಗೆ ಹೊರಗೆ ಹೋಗು ಎಂದರು.

ಈಗ ಇವರು ಅಣ್ಣನ ಕೋಣೆಯಲ್ಲೇ ಮಲಗುತ್ತಾರೆ. ಒಳಗೆ ಇಬ್ಬರೂ ನಗುವುದು ಕೇಳಿಸುತ್ತದೆ. ನನ್ನ ಜೊತೆ ಮಾತಿಲ್ಲ.