ದೊಡ್ಡವ್ವ ಹಿಂದಕ್ಕೆ ಉರುಳಿಸಿದ ಕೊಬ್ಬರಿ

ಮೊನ್ನೆ ತವರೂರು ಕಣಕಟ್ಟೆಯಿಂದ ಅಣ್ಣ ಬಂದವನು ಒಂದು ಚೀಲ ಒಣಗಿದ ಕಾಯಿ ಇಳಿಸಿ ಹೋದ. ವರ್ಷವಿಡೀ ಅಟ್ಟದ ಮೇಲಿದ್ದ ಕಾಯಿ. ಅಲುಗಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಎನ್ನುತ್ತಿತ್ತು. ಮೊದಲನೆಯ ಕರಟ ಬಿಡಿಸಿದ್ದೇ ತಡ, ಆ ವಾಸನೆ... ಸಿಹಿ, ಜಿಡ್ಡು, ಜೊತೆಗೆ ಹಳೇ ಅಟ್ಟದ ಧೂಳು. ಪಕ್ಕದಲ್ಲಿ ಪಿಯುಸಿ ಓದುವ ಮಗಳು ಪರೀಕ್ಷೆಗೆಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಸಮಾಜವಾದದಲ್ಲಿ ಎಲ್ಲರಿಗೂ ಸಮಪಾಲಂತೆ, ಬಂಡವಾಳಶಾಹಿಯಲ್ಲಿ ಅವರವರ ಗಳಿಕೆ ಅವರವರಿಗಂತೆ. ಪುಸ್ತಕ ಮಡಚಿ, "ಇದರಲ್ಲಿ ಯಾವುದಮ್ಮ ನ್ಯಾಯ?" ಎಂದಳು. ನನಗೆ ದೊಡ್ಡವ್ವ ನೆನಪಾದಳು.

ದೊಡ್ಡವ್ವ ನನಗೆ ನೆಂಟಳೇನಲ್ಲ. ಮದುವೆಯಾಗಿ ಅರಸೀಕೆರೆಗೆ ಬಂದ ಹೊಸದರಲ್ಲಿ ಮಾಲೇಕಲ್ಲಿನ ಕಡೆ ಹೋಗುವ ರಸ್ತೆಯ ಕೊಬ್ಬರಿ ಶೆಡ್ಡೊಂದಕ್ಕೆ ಕೂಲಿಗೆ ಹೋಗುತ್ತಿದ್ದೆ. ಅಲ್ಲಿ ನಾವು ಐದಾರು ಹೆಂಗಸರು. ಕತ್ತಿಯಲ್ಲಿ ಕರಟ ತಟ್ಟಿ, ಚೂರುಚೂರಾಗಿ ಎಬ್ಬಿಸಿ, ಒಳಗಿನ ಕೊಬ್ಬರಿಯನ್ನು ಒಡೆಯದ ಹಾಗೆ ಉಂಡೆಯಾಗಿ ತೆಗೆಯುವ ಕೆಲಸ. ಎಲ್ಲರಿಗಿಂತ ಹಿರಿಯಳು ದೊಡ್ಡವ್ವ, ನಮಗೆಲ್ಲ ಕೆಲಸ ಕಲಿಸಿದವಳೂ ಅವಳೇ. ಮೊದಲ ದಿನ ನಾನು ಧಡಧಡ ಬಡಿದು ಒಡೆದು ಹಾಕುತ್ತಿದ್ದಾಗ ಕೈ ಹಿಡಿದಳು. "ಕಾಯಿ ಮ್ಯಾಲೆ ಯಾಕವ್ವ ಇಷ್ಟು ಸಿಟ್ಟು? ಅದು ನಿಮ್ಮತ್ತೆ ತಲೆ ಅಲ್ಲ ಕಣೆ, ಮೆಲ್ಲಗೆ ತಟ್ಟು."

ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಯಾರು ಎಷ್ಟೇ ಸುಲಿಯಲಿ, ಎಲ್ಲ ಕೊಬ್ಬರಿ ನಡುವಿನ ಒಂದೇ ಗುಡ್ಡೆಗೆ ಬೀಳಬೇಕು. ಸಂಜೆ ಯಜಮಾನರು ಆ ಗುಡ್ಡೆಗೆ ಕೊಟ್ಟ ಕೂಲಿಯನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುತ್ತಿದ್ದೆವು. ಹೇಳಲು ಬಲು ಚೆಂದ. ಆದರೆ ನಮ್ಮಲ್ಲೊಬ್ಬಳಿದ್ದಳು, ಎಲೆಗೆ ಸುಣ್ಣ ಸವರುವುದರಲ್ಲೇ ಅರ್ಧ ದಿನ ಕಳೆಯುವವಳು. ನನ್ನದೋ ಬಿರುಸಿನ ಕೈ. ಅವಳಿಗೂ ನನಗೂ ಒಂದೇ ಕೂಲಿ ಎಂದರೆ ಮೈಯೆಲ್ಲ ಉರಿಯುತ್ತಿತ್ತು. ದೊಡ್ಡವ್ವನ ಕೈಯೂ ಆ ಹೊತ್ತಿಗೆ ನಿಧಾನವಾಗಿತ್ತು, ಬೆರಳಿನ ಗೆಣ್ಣುಗಳು ಊದಿದ್ದವು. ಅವಳ ಮೇಲೆ ಮಾತ್ರ ಯಾರಿಗೂ ಸಿಟ್ಟಿರಲಿಲ್ಲ.

ದೊಡ್ಡವ್ವ ಇದ್ದದ್ದು ಮಗಳ ಮನೆಯಲ್ಲಿ. ಅಳಿಯ ಕೆಟ್ಟವನಲ್ಲ. ಆದರೂ ತನ್ನ ಅನ್ನ ತಾನೇ ದುಡಿದು ತಿನ್ನುತ್ತೇನೆ ಎನ್ನುವುದು ಅವಳಿಗೆ ದೊಡ್ಡ ಮಾತು. ಸಂಜೆ ಮೊಮ್ಮಕ್ಕಳಿಗೆ ಬೋಂಡದ ಪೊಟ್ಟಣ ಹಿಡಿದು ಹೋಗಿ, ಜಗಲಿಯ ಮೇಲೆ ಕಾಲು ಚಾಚಿ ಕೂತು, ಅಳಿಯನಿಗೇ ಒಂದು ಚೊಂಬು ನೀರು ತರಲು ಹೇಳುತ್ತಿದ್ದಳು. ಕೂಲಿ ನಿಂತರೆ ಆ ಜಗಲಿಯೂ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಎಲೆ ಅಡಿಕೆಯವಳ ಆಟ ಯಜಮಾನರ ಕಣ್ಣಿಗೂ ಬಿತ್ತು. "ನಾಳೆಯಿಂದ ಅವರವರ ಗುಡ್ಡೆ ಅವರವರದು ಕಣ್ರಮ್ಮಾ, ಸುಲಿದಷ್ಟು ಕೂಲಿ" ಎಂದರು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಸಂಜೆಗೆ ನನ್ನ ಮುಂದೆ ಬೆಳೆದ ಗುಡ್ಡೆ ನೋಡಿ ಬೀಗಿದೆ. ಎಲೆ ಅಡಿಕೆಯವಳ ಕೈಗಂತೂ ಅದೆಲ್ಲಿಂದ ಜೀವ ಬಂತೋ, ಮೆಷಿನ್ನಿನಂತೆ ಓಡತೊಡಗಿತು! ಈಗಲೂ ಯಜಮಾನರು ಮಾಡಿದ್ದು ಅನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ದೊಡ್ಡವ್ವನ ಮುಂದಿನ ಗುಡ್ಡೆ... ಅದನ್ನು ಗುಡ್ಡೆ ಎನ್ನುವ ಹಾಗೂ ಇರಲಿಲ್ಲ. ಮೊದಲು ಎಲ್ಲರ ಕೊಬ್ಬರಿಯಲ್ಲಿ ಬೆರೆತು ಹೋಗುತ್ತಿದ್ದ ಅವಳ ನಿಧಾನ ಈಗ ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

ನೋಡಲಾಗಲಿಲ್ಲ. ಅವಳು ನೀರು ಕುಡಿಯಲು ಎದ್ದಾಗಲೆಲ್ಲ ನನ್ನ ಉಂಡೆಗಳಲ್ಲಿ ಕೆಲವನ್ನು ಅವಳ ಕಡೆ ತಳ್ಳುತ್ತಿದ್ದೆ. ಒಂದು ವಾರ ಹಾಗೇ ನಡೆಯಿತು. ಆಮೇಲೊಂದು ಮಧ್ಯಾಹ್ನ ಅವಳು ಒಂದು ಉಂಡೆ ಎತ್ತಿ ತಿರುಗಿಸಿ ನೋಡಿದಳು. ನಾನು ಕಾಯಿಯ ಕಣ್ಣಿನ ಪಕ್ಕದಲ್ಲೇ ಮೊದಲ ಏಟು ಹಾಕುವವಳು, ಅಲ್ಲಿ ಯಾವಾಗಲೂ ಒಂದು ಕಚ್ಚು ಬೀಳುತ್ತಿತ್ತು.

"ಇದು ನಿನ್ನ ಕತ್ತಿ ಗುರುತು ಕಣೆ" ಎಂದಳು.

"ಇರ್ಲಿ ಬಿಡು ದೊಡ್ಡವ್ವ. ಮೊದ್ಲು ಹಿಂಗೇ ಹಂಚ್ಕೋತಿರ್ಲಿಲ್ವಾ? ಅವೇ ಕಾಯಿ ತಾನೆ?"

"ಕಾಯಿ ಅವೇಯ. ಒಂದೇ ಗುಡ್ಡೆ ಇದ್ದಾಗ ನಾನ್ ತಗೊಂಡಿದ್ದು ನನ್ ಪಾಲು. ಈಗ ನೀನ್ ಕೊಟ್ಟಿದ್ ತಗೊಂಡ್ರೆ ಭಿಕ್ಷೆ ಆಯ್ತದೆ. ನಂಗ್ ಬ್ಯಾಡ ಕಣವ್ವ."

ಸಿಟ್ಟಿನಲ್ಲಿ ಹೇಳಲಿಲ್ಲ. ಕಚ್ಚು ಇದ್ದವನ್ನೆಲ್ಲ ಹುಡುಕಿ ಹುಡುಕಿ ಒಂದೊಂದಾಗಿ ನನ್ನ ಕಡೆ ಉರುಳಿಸಿದಳು. ಸಿಮೆಂಟ್ ನೆಲದ ಮೇಲೆ ಅವು ಗುಡುಗುಡು ಸದ್ದು ಮಾಡುತ್ತ ಬಂದು ನನ್ನ ಕಾಲಿಗೆ ತಾಗುತ್ತಿದ್ದವು. ನಾಚಿಕೆಯೋ ದುಃಖವೋ, ನನಗೆ ತಲೆ ಎತ್ತಲಾಗಲಿಲ್ಲ. ಮಾರನೆಯ ದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ.

ಭಾನುವಾರ ಅವಳ ಮನೆಗೆ ಹೋದೆ. "ಮಗಳ ಮನೇಲಿ ಅನ್ನಕ್ಕೇನು ಬರ ಐತಾ?" ಎಂದು ನಕ್ಕು, ಒಳಗಿನಿಂದ ತನ್ನ ಕತ್ತಿ ತಂದು ನನ್ನ ಮಡಿಲಿಗೆ ಹಾಕಿದಳು. ಬೇಡವೆಂದರೆ ಕೇಳಲಿಲ್ಲ. ಕೊಡುವುದಕ್ಕೆ ಅವಳಿಗೆ ಯಾವ ಅಡ್ಡಿಯೂ ಇರಲಿಲ್ಲ. ಅಷ್ಟರಲ್ಲಿ ಅಳಿಯ ಸೈಕಲ್ ತಳ್ಳಿಕೊಂಡು ಬಂದ. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಜಗಲಿಯಿಂದ ಎದ್ದು ಒಳಗೆ ಹೋದಳು. ಅವನೇನೂ ಅಂದಿರಲಿಲ್ಲ, ಪಾಪ.

ನನಗೆ ಮಗಳು ಹುಟ್ಟುವ ಮೊದಲೇ ದೊಡ್ಡವ್ವ ತೀರಿಕೊಂಡಳು. ಆ ಶೆಡ್ಡಿನ ಜಾಗದಲ್ಲಿ ಈಗ ಟೈರ್ ಅಂಗಡಿಯಿದೆ.

ಮಗಳು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. "ನೀನೂ ಎರಡು ಸುಲಿ, ಆಮೇಲೆ ಹೇಳ್ತೀನಿ" ಎಂದು ದೊಡ್ಡವ್ವನ ಕತ್ತಿಯನ್ನೇ ಅವಳ ಕೈಗೆ ಕೊಟ್ಟೆ. ಪಾಪ, ಒಂದು ಉಂಡೆಗೆ ಅರ್ಧ ಗಂಟೆ ಒದ್ದಾಡಿದಳು. ಅಷ್ಟರಲ್ಲಿ ನಾನು ಎಷ್ಟೋ ಮುಗಿಸಿದ್ದೆ. ಅವಳ ಮುಖ ಸಪ್ಪಗಾದದ್ದು ಕಂಡು ನನ್ನದೊಂದನ್ನು ಅವಳ ಕಡೆ ತಳ್ಳಲು ಕೈ ತಾನಾಗಿಯೇ ಹೋಯಿತು... ಹೋದ ಕೈ ಅಲ್ಲೇ ನಿಂತಿತು. ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಮೊರ. ಅವಳದೂ ನನ್ನದೂ ಅದರಲ್ಲೇ ಬಿದ್ದಿತ್ತು.

"ಯಾಕಮ್ಮ ಅಳ್ತಿದ್ದೀಯ?" ಎಂದಳು ಮಗಳು.