ಹುಳದ ಮನೆಗೆ ತಂದ ಗಳ

ನಮ್ಮ ಮನೆಯವರಿಗೆ ಅಲ್ಲಾಡುವ ಕುರ್ಚಿ ಕಂಡರೆ ಊಟ ಸೇರುವುದಿಲ್ಲ. ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದವರು, ಕಾಫಿ ಲೋಟ ಕೆಳಗಿಡುವ ಮೊದಲೇ ಯಾವುದೋ ತಿರುಪು ಬಿಗಿ ಮಾಡುತ್ತಿರುತ್ತಾರೆ. ನಂಜನಗೂಡಿನಲ್ಲಿರುವ ನಮ್ಮ ನೆಂಟರ ಮನೆಗಳಲ್ಲೆಲ್ಲ ಇವರು ಹೊಡೆದ ಮೊಳೆ, ನಿಲ್ಲಿಸಿದ ಶೆಲ್ಫು ಒಂದಾದರೂ ಇದೆ. ಹಾಗಾಗಿ ನನ್ನ ತಂಗಿ ರೇಷ್ಮೆ ಹುಳ ಸಾಕುತ್ತೇನೆಂದು ಹೊರಟಾಗ, ಹುಳದ ಸ್ಟ್ಯಾಂಡು ಮಾಡಿಕೊಡುವವರು ಯಾರು ಎಂಬ ಮಾತೇ ಏಳಲಿಲ್ಲ.

ತಂಗಿಯನ್ನು ಕೊಟ್ಟಿರುವುದು ಟಿ. ನರಸೀಪುರ ದಾಟಿ, ಮೂಗೂರಿಗೆ ಹತ್ತಿರದ ಒಂದು ಊರಿಗೆ. ವರ್ಷಗಟ್ಟಲೆ ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋದಳು. ಕಂಪನಿ ಬಸ್ಸು ಊರ ಮೂಲೆಯಲ್ಲಿ ಹಾರ್ನ್ ಹೊಡೆಯುವಾಗ ಇನ್ನೂ ಕತ್ತಲು ಹರಿದಿರುತ್ತಿರಲಿಲ್ಲ. ಎಷ್ಟೋ ದಿನ ಹೂವನ್ನು ಬಸ್ಸಿನಲ್ಲಿ ಕೂತೇ ಮುಡಿದದ್ದುಂಟು. ಸಂಜೆ ಬರುವಾಗ ಸೊಂಟ ಹಿಡಿದುಕೊಂಡೇ ಬರುತ್ತಿದ್ದಳು. ಅವಳ ಗಂಡನ ಮನೆಯವರು ಬಾವಿಯ ಪಕ್ಕದ ಹೊಲಕ್ಕೆ ಹಿಪ್ಪುನೇರಳೆ ಕಡ್ಡಿ ನೆಟ್ಟು ಸೊಪ್ಪನ್ನು ಬೇರೆಯವರಿಗೆ ಕೊಡುತ್ತಿದ್ದರು. ನಮ್ಮ ಸೊಪ್ಪು ಯಾರದೋ ಹುಳ ಯಾಕೆ ತಿನ್ನಬೇಕು ಎಂದು ಇವಳು ಕೆಲಸ ಬಿಟ್ಟಳು.

ಅವಳ ಅತ್ತೆ ಬೇಡವೆನ್ನಲಿಲ್ಲ. ಆದರೆ ಬಾಗಿಲಲ್ಲಿ ಕೂತು ಒಂದು ಮಾತು ಅಂದರು: "ಒಂದು ಬೆಳೆ ನೋಡವ್ವ. ಉಳ ಕೈಕೊಟ್ರೆ ಆ ಬಸ್ಸು ಇದ್ದೇ ಅದಲ್ಲ, ಅತ್ಕೊಂಡು ಓಗೀಯಂತೆ."

ಅಂದು ತಂಗಿ ನನಗೆ ಫೋನ್ ಮಾಡಿ ಸುಮಾರು ಹೊತ್ತು ಮಾತಾಡಿ, ಕೊನೆಗೆ "ಅಕ್ಕಾ, ಆ ಬಸ್ಸು ಅತ್ತಕ್ಕೆ ಇನ್ನ ನನ್ ಕೈಲಾಗಲ್ಲ ಕಣೇ" ಅಂದಳು. ಇವರು ಪಕ್ಕದಲ್ಲೇ ಕೂತು ಡ್ರಿಲ್ಲಿನ ವೈರಿಗೆ ಟೇಪು ಸುತ್ತುತ್ತಿದ್ದರು. ಮಾರನೆಯ ದಿನವೇ ಮರ ಹುಡುಕತೊಡಗಿದರು.

ಹುಳದ ಸ್ಟ್ಯಾಂಡೆಂದರೆ ರೈಲಿನ ಮಲಗುವ ಬೋಗಿಯ ಹಾಗೆ ಒಂದರ ಮೇಲೊಂದು ಹಂತ. ನಾಲ್ಕು ಕಡೆ ಗಳ ನಿಲ್ಲಿಸಿ, ಅಡ್ಡ ಗಳ ಬಿಗಿದು, ನಡುವೆ ನೈಲಾನ್ ಬಲೆ ಕಟ್ಟಬೇಕು. ಅದರ ಮೇಲೆ ಸೊಪ್ಪಿನ ಕಡ್ಡಿ ಹರಡಿದರೆ ಹುಳ ಅಲ್ಲೇ ತಿಂದು ಅಲ್ಲೇ ಬೆಳೆಯುತ್ತದೆ. ಹುಣಸೂರು ಕಡೆಯವನೊಬ್ಬ ಇವರ ಜೊತೆ ಕೆಲಸ ಮಾಡುತ್ತಾನೆ. ತಮ್ಮೂರಲ್ಲಿ ಹಳೆಯ ಕಟ್ಟಡವೊಂದನ್ನು ಕೆಡವಿದ್ದಾರೆ, ಗಟ್ಟಿ ಗಳಗಳಿವೆ ಎಂದು ಅವನು ಹೇಳಿದನಂತೆ. ನಿಜಕ್ಕೂ ಒಳ್ಳೆಯ ಗಳಗಳು. ಹೊಗೆ ಹಿಡಿದು ಕಪ್ಪಗಾಗಿದ್ದವು. ಹಳೇ ಮನೆಯ ಅಡುಗೆಕೋಣೆಯ ಹೊಗೆ ಎಂದು ನಾನು ಅಂದುಕೊಂಡೆ. "ಹೊಗೆ ಕುಡಿದ ಮರಕ್ಕೆ ಹುಳು ಹಿಡಿಯಲ್ಲ" ಎಂದು ಇವರೂ ಹೊಗಳಿದರು. ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಿಳಿಗೆರೆ ದಾರಿಯಲ್ಲಿ ಹೋದೆವು. ಡ್ರಿಲ್ಲಿನ ಪೆಟ್ಟಿಗೆಯೂ ಚಿತ್ರಾನ್ನದ ಡಬ್ಬಿಯೂ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲಿದ್ದವು.

ತಂಗಿಯ ಅತ್ತೆಗೆ ಹೊಗೆಸೊಪ್ಪಿನ ಚಟ. ಸಣ್ಣ ಬಟ್ಟೆ ಚೀಲವೊಂದು ಸದಾ ಸೊಂಟದಲ್ಲಿ. ಮರಿ ಹುಳ ಕೊಡುವ ಚಾಕಿ ಕೇಂದ್ರದವರು ಮೊದಲೇ ಎಚ್ಚರಿಸಿದ್ದರು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೂ ಸಾಕು, ಹುಳ ಹಸಿರು ಕಕ್ಕಿ ಸಾಯುತ್ತದೆ ಎಂದು. ತಂಗಿ ಅತ್ತೆಯನ್ನು ಇಷ್ಟೇ ಕೇಳಿಕೊಂಡಳು: "ಬಾಯಲ್ಲಿ ಆಕ್ಕೊಂಡು ಉಳದ ಮನೆಗೆ ಬರಬ್ಯಾಡಿ." ಅವರು ಸಿಟ್ಟಾಗಿ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಚೀಲವನ್ನು ತೊಲೆಯ ಸಂದಿಗೆ ಸಿಕ್ಕಿಸಿ, "ಸೊಪ್ಪು ಕುಯ್ಯಕ್ಕೆ ನಾನೂ ಬೇಕಲ್ಲ" ಅಂದರಂತೆ. ನಾವು ಹೋದಾಗ ಕೊಬ್ಬರಿ ಚೂರು ಜಗಿಯುತ್ತ ಕೂತಿದ್ದರು.

"ಬಾಯೆಲ್ಲ ಸಪ್ಪೆ ಕಣವ್ವ. ಇನ್ನೂ ಬರದೇ ಇರೋ ಉಳುಕ್ಕೆ ಈಗ್ಲಿಂದ್ಲೇ ವ್ರತ ಇಡ್ದಿವ್ನಿ" ಎಂದು ನನ್ನ ಹತ್ತಿರ ದೂರಿದರು.

ಎರಡು ಭಾನುವಾರ ಕೆಲಸ ನಡೆಯಿತು. ಇವರು ರಂಧ್ರ ಕೊರೆದು ಬೋಲ್ಟು ಹಾಕುವರು, ನಾನು ಬಲೆಯ ಅಂಚು ಹೊಲಿಯುವೆ, ತಂಗಿ ಗಳ ಹಿಡಿದುಕೊಳ್ಳುವಳು. ಹುಳದ ಮನೆಗೆಲ್ಲ ಬ್ಲೀಚಿಂಗ್ ಪುಡಿ ಹೊಡೆದಿದ್ದರಿಂದ ಕಣ್ಣುರಿ. ಬೇರೆ ಯಾವ ವಾಸನೆಯೂ ಮೂಗಿಗೆ ಹತ್ತುತ್ತಿರಲಿಲ್ಲ. ಮುಗಿದಾಗ ಇವರು ಸ್ಟ್ಯಾಂಡು ಹತ್ತಿ ನಿಂತು ಕುಣಿದು ತೋರಿಸಿದರು. ಒಂದಿಷ್ಟೂ ಅಲ್ಲಾಡಲಿಲ್ಲ. ಬಾಗಿಲು ಹಾಕಿ ಊರಿಗೆ ಬಂದೆವು.

ಹುಳ ಬರುವ ಹಿಂದಿನ ದಿನ, ಅರಿಶಿನ ಕುಂಕುಮ ಇಟ್ಟು ದೀಪ ಹಚ್ಚೋಣವೆಂದು ಮತ್ತೆ ಎಲ್ಲರೂ ಸೇರಿದೆವು. ವಾರವಿಡೀ ಮುಚ್ಚಿದ್ದ ಬಾಗಿಲು ತೆಗೆದು ತಂಗಿ ಅತ್ತೆಯನ್ನೇ ಮುಂದೆ ಬಿಟ್ಟಳು. ಅವರು ಎರಡು ಹೆಜ್ಜೆ ಇಟ್ಟು ನಿಂತರು.

"ಯಾರಮ್ಮಿ ಒಗೆಸೊಪ್ಪು ಆಕ್ಕೊಂಡು ಬಂದೋರು?"

"ಯಾರೂ ಇಲ್ಲ ಅತ್ತೆ. ನಿಮ್ಗೆ ಅದ್ರದೇ ಗ್ಯಾನ" ಎಂದು ತಂಗಿ ನಕ್ಕಳು.

"ನನ್ ಬಾಯಲ್ಲಿ ನೀರೂರ್ತಾ ಅದೆ. ಸುಳ್ಳಾದದಾ?" ಅವರು ಗಳದ ಹತ್ತಿರ ಹೋಗಿ ಮೂಗು ಒತ್ತಿ ಮೂಸಿದರು. ಪಕ್ಕದ್ದು ಮೂಸಿದರು. ಆಮೇಲೆ ಇವರ ಕಡೆ ತಿರುಗಿ, "ನನ್ ಅಂಗೈಯಗಲದ ಚೀಲ ಒಳೀಕೆ ತರಬ್ಯಾಡ ಅಂದ್ರಿ. ನೀವು ಗಳುಗಟ್ಲೆ ತಂದು ನಿಲ್ಸಿದ್ದೀರಲ್ಲ ಅಳಿಯಂದ್ರೇ!" ಅಂದರು.

ಇವರು ಹೊರಗೆ ಹೋಗಿ ಹುಣಸೂರಿನವನಿಗೆ ಫೋನ್ ಹಚ್ಚಿದರು. ಸ್ಪೀಕರಿಗೆ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು.

"ಆ ಗಳ ಯಾವ ಮನೇದಪ್ಪಾ?"

"ಮನೇದಲ್ಲ ಸಾ, ಬ್ಯಾರನ್ದು. ಒಗೆಸೊಪ್ಪು ಬೇಯ್ಸೋ ಬ್ಯಾರನ್ನು. ಯಾಕ್ ಸಾ, ಗಟ್ಟಿ ಅವಲ್ಲ?"

ಅವನಿಗೇನು ಗೊತ್ತು, ಪಾಪ. ಇವರೂ ಏತಕ್ಕೆಂದು ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ತಂಗಿ ದೀಪದ ತಟ್ಟೆ ಹಿಡಿದೇ ಗೋಡೆಗೆ ಒರಗಿ ಕೂತಳು. ನನ್ನ ಕಣ್ಣೆದುರಿಗೆ ಬಂದದ್ದು ಹುಳವಲ್ಲ, ಆ ಬಸ್ಸು.

ಇವರು ಒಂದು ಬೋಲ್ಟನ್ನು ಬೆರಳಿನಿಂದ ಸವರುತ್ತ ನಿಂತಿದ್ದರು. "ಹಳೇ ಮರ. ಏನೂ ಆಗದೇ ಇರಬಹುದು. ನಾಳೆ ನಾಲ್ಕು ಹುಳ ಇಟ್ಟು ನೋಡಿದರೆ..." ಎಂದರು.

"ತಂದ ಮ್ಯಾಲೆ ಅವೂ ನಮ್ಮನೇವೇ. ಸಾಯ್ಸಿ ನೋಡೋದೇನ ಬಂತು?" ಎಂದರು ಅತ್ತೆ.

ಇವರು ಸ್ಪ್ಯಾನರ್ ಎತ್ತಿಕೊಂಡರು. ಎರಡು ಭಾನುವಾರ ಬಿಗಿದದ್ದು ಮಧ್ಯಾಹ್ನದೊಳಗೆ ಅಂಗಳದಲ್ಲಿ ಬಿದ್ದಿತ್ತು. ಬಲೆಯನ್ನೂ ತೆಗೆದೆಸೆದೆವು. ನಾನು, ತಂಗಿ ನೆಲ ಗೋಡೆ ತಿಕ್ಕಿ ತೊಳೆದು ಮತ್ತೆ ಬ್ಲೀಚಿಂಗ್ ಹೊಡೆದೆವು. ತಂಗಿಯ ಗಂಡ ಪಕ್ಕದ ತೋಟದವರನ್ನು ಕೇಳಿ, ಬಾಳೆಗೆ ಊರುಗೋಲು ಕೊಟ್ಟಿದ್ದ ಸರ್ವೆ ಗಳ ತಂದರು. ಗೊನೆ ಕಡಿದಾಗಿತ್ತು, ಗಳ ಖಾಲಿ ಬಿದ್ದಿದ್ದವು.

ಆದರೆ ಒಂದೂ ಮೂಸದೆ ಒಳಗೆ ಹೋಗಲಿಲ್ಲ. ಅತ್ತೆ ಬಾಗಿಲಲ್ಲಿ ಸ್ಟೂಲ್ ಹಾಕಿಸಿಕೊಂಡು ಕೂತರು. ಒಂದೊಂದನ್ನೂ ಮೂಗಿನ ಹತ್ತಿರ ತರಿಸಿ, "ಊಂ, ಓಗ್ಲಿ" ಎಂದರೆ ಒಳಗೆ. ಒಂದಕ್ಕೆ ಮುಖ ಸಿಂಡರಿಸಿ, "ಇದ್ರಲ್ಲಿ ಎಂಥದೋ ಔಷ್ದಿ ನಾತ, ಆಚೆ ಆಕಿ" ಎಂದರು. ಇವರು ಹೊಸ ಗಳ ಮುಟ್ಟಲು ಹೋದಾಗ, "ಮೊದ್ಲು ನೀವು ಮಿಂದು ಬನ್ನಿ. ಅಂಗೀನೂ ಬ್ಯಾಡ" ಎಂದು ತಡೆದರು. ಬಾವಿಯ ಹತ್ತಿರ ಮಿಂದು, ತಂಗಿಯ ಗಂಡನ ಪಂಚೆ ಉಟ್ಟು ಬಂದ ಇವರನ್ನೂ ಅವರು ಮೂಸಿಯೇ ಬಿಡುತ್ತಾರೇನೋ ಎಂದು ನನಗೆ ಆಗಲೂ ನಗು ಬಂತು. ಮಾರನೆಯ ದಿನ ಇವರು ರಜೆ ಹಾಕಿದರು. ಕೊರೆಯಲು ಪುರುಸೊತ್ತಿಲ್ಲದೆ ಹಗ್ಗದಲ್ಲೇ ಬಿಗಿದು, ಹೊಸ ಬಲೆ ಕಟ್ಟಿದರು. ಈ ಸ್ಟ್ಯಾಂಡು ಅಲ್ಲಾಡುತ್ತದೆ. ಇವತ್ತಿಗೂ ಅಲ್ಲಾಡುತ್ತದೆ. ಅದರ ಬಗ್ಗೆ ಮಾತ್ರ ಇವರು ಏನೂ ಹೇಳುವುದಿಲ್ಲ.

ಹುಳ ಸಂಜೆಗೆ ಬಂದವು. ಆಮೇಲಿನ ದಿನಗಳಲ್ಲಿ ಫೋನ್ ರಿಂಗಾದರೆ ಸಾಕು, ಇವರು ತಟ್ಟೆಯಿಂದ ಕೈ ತೆಗೆಯುತ್ತಿದ್ದರು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಮಲಗುತ್ತವೆ. ಅದಕ್ಕೆ ಜ್ವರ ಎನ್ನುತ್ತಾರೆ. ಆ ಜ್ವರದಿಂದ ಎಲ್ಲವೂ ಎದ್ದು ಸೊಪ್ಪಿಗೆ ಬಾಯಿ ಹಾಕಿದರೆ ಗೆದ್ದ ಹಾಗೆ. ಒಂದು ಬೆಳಿಗ್ಗೆ ತಂಗಿ ಕರೆ ಮಾಡಿ, "ಅಕ್ಕಾ, ಎದ್ದವು! ಎಲ್ಲಾ ಎದ್ದವು! ತಿಂತಾ ಅವೆ, ಕೇಳು" ಎಂದು ಫೋನನ್ನು ಸ್ಟ್ಯಾಂಡಿಗೆ ಹಿಡಿದಳು. ನಾನು ಇವರ ಕಿವಿಗೂ ಕೊಟ್ಟೆ. ಹುಳ ತಿನ್ನುವುದು ನಮಗ್ಯಾರಿಗೂ ಕೇಳಿಸಲಿಲ್ಲ. ಅವಳ ಅತ್ತೆ ಕೆಮ್ಮಿದ್ದು ಕೇಳಿಸಿತು. ಇವರು ಅಷ್ಟಕ್ಕೇ ತೃಪ್ತರಾಗಿ ಇನ್ನೆರಡು ದೋಸೆ ಹಾಕಿಸಿಕೊಂಡರು.

ಗೂಡು ಬಿಡಿಸುವ ದಿನಕ್ಕೆ ನಾನು ಹಿಂದಿನ ಸಂಜೆಯೇ ಹೋಗಿ ಉಳಿದೆ. ಕತ್ತಲಿರುವಾಗಲೇ ಎದ್ದು, ಎಲ್ಲರೂ ಅಂಗಳದ ಬಲ್ಬಿನ ಬೆಳಕಲ್ಲಿ, ಹುಳ ಗೂಡು ಕಟ್ಟಿದ್ದ ಚಂದ್ರಿಕೆ ತಟ್ಟಿಗಳನ್ನು ಮುಂದಿಟ್ಟುಕೊಂಡು ಕೂತಿದ್ದೆವು. ಬಿಡಿಸಿದ ಗೂಡು ತಂಗಿಯ ಮಡಿಲು ತುಂಬಿತ್ತು. ಬ್ಯಾರನ್ನಿನ ಗಳಗಳಿಂದ ಇವರು ಆಚೆ ಕೊಟ್ಟಿಗೆಯ ಪಕ್ಕ, ಹುಳದ ಮನೆಗೆ ದೂರವಾಗಿ, ಅತ್ತೆಗೊಂದು ಕೂರುವ ಚಪ್ಪರ ಹಾಕಿಕೊಟ್ಟಿದ್ದರು. ಹುಳ ಗೂಡು ಸೇರಿದ ಮೇಲೆ ವ್ರತ ಮುಗಿಯಿತೆಂದು, ತೊಲೆಯ ಸಂದಿಯ ಚೀಲ ಇಳಿಸಿಕೊಂಡು ಅವರು ಅಲ್ಲಿ ಕೂತಿದ್ದರು.

ಊರ ಮೂಲೆಯಲ್ಲಿ ಕಂಪನಿ ಬಸ್ಸು ಹಾರ್ನ್ ಹೊಡೆಯಿತು. ಹೊಸ ಡ್ರೈವರ್ ಇರಬೇಕು, ಎರಡು ಸಲ ಹೊಡೆದ. ತಂಗಿಯ ಕೈ ಒಂದು ಗಳಿಗೆ ನಿಂತು, ಮತ್ತೆ ಗೂಡಿಗೆ ಹೋಯಿತು.

ಚಪ್ಪರದಿಂದ ಅತ್ತೆ ಬಾಯಿ ತುಂಬ ಇದ್ದುದನ್ನು ಒಂದು ಕೆನ್ನೆಗೆ ಸರಿಸಿ, ರಸ್ತೆಯ ಕಡೆ ಗದ್ದವೆತ್ತಿ ಕೂಗಿದರು:

"ಬರಾಕಿಲ್ಲ, ಓಗಪ್ಪಾ!"