ಪೂರಿಗಾಲಿಯಿಂದ ಬರಬೇಕಾದ ಸೀರೆ

ನಾನು ಫೋನಿನಲ್ಲಿ ನೋಡುವ ಸೀರಿಯಲ್ಲುಗಳಿಗೆ ಅಮ್ಮ ಇಟ್ಟ ಹೆಸರು 'ಗಾಳೀಲಿ ಹಾರೋರ ಕತೆ'. ಹೆಸರಿಡುವುದರಲ್ಲಿ ಅವಳದು ಎತ್ತಿದ ಕೈ. ಪೂರಿಗಾಲಿಯ ನಮ್ಮ ಮನೆಯಲ್ಲಿ ನನ್ನ ಜೊತೆ ಕೂತು ಅವನ್ನು ನೋಡುವವನು ಅಮ್ಮನ ಅಪ್ಪ, ಕೆಂಪಯ್ಯ, ಒಬ್ಬನೇ. ಎಪ್ಪತ್ತು ದಾಟಿದ ತಾತ. ಆಯುಷ್ಯವೆಲ್ಲ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡಿದವನು, ಒಬ್ಬಳೇ ಮಗಳೆಂದು ಅಮ್ಮನನ್ನೂ ಅಪ್ಪನನ್ನೂ ಮನೆಯಲ್ಲೇ ಇಟ್ಟುಕೊಂಡವನು. ಮಧ್ಯಾಹ್ನ ಮುದ್ದೆ ಉಂಡು ಜಗಲಿಗೆ ಬಂದು, "ಆಕು ಮಗ, ಆ ಉಡುಗಿ ಏನಾದ್ಲು ನೋಡವ" ಅನ್ನುತ್ತಾನೆ.

ಆ ಹುಡುಗಿ ಅಂದರೆ ಲೀರಾ. ಕನ್ನಡಕ್ಕೆ ಡಬ್ ಆದ ಬಾಹ್ಯಾಕಾಶದ ಕತೆ. ಲೀರಾ ತನ್ನ ನೌಕೆಯ ಸಮೇತ ಹಿಂದಿನ ಕಾಲಕ್ಕೆ ಜಾರಿ, ಅಲ್ಲಿ ಸಿಕ್ಕ ಅನಾಥ ಮಗುವೊಂದನ್ನು ಸಾಕುತ್ತಾಳೆ. ಆ ಮಗುವೇ ಮುಂದೆ ಅವಳ ಅಪ್ಪ ಎಂದು ಎರಡನೇ ಸೀಸನ್ನಿನಲ್ಲಿ ತಿಳಿಯುತ್ತದೆ. ನನ್ನ ಗೆಳತಿಯರು ಅಲ್ಲಿಗೆ ಕೈಮುಗಿದು ಬಿಟ್ಟರು. ನಾನು ಹಳೇ ಕ್ಯಾಲೆಂಡರಿನ ಹಿಂದೆ ಅವರ ವಂಶವೃಕ್ಷ ಬರೆದೆ. ಗೆರೆಗಳು ಸುತ್ತಿ ಬಳಸಿ ಹೊರಟ ಜಾಗಕ್ಕೇ ಬಂದು ಸೇರಿದವು. ತಾತನಿಗೆ ಮಾತ್ರ ಅದರಲ್ಲಿ ಗೋಜಲು ಕಾಣಲಿಲ್ಲ. ಅವನದು ಒಂದೇ ಪ್ರಶ್ನೆ.

"ಅಂಗಾರೆ ಅವ್ನು ಅವಳ್ನ ಏನಂತ ಕರೀಬೇಕು?"

"ಹೆಸರಿಡ್ದು ಕರೀತಾನೆ ತಾತ."

"ಸಾಕ್ದೋಳ್ನ ಎಸ್ರಿಡ್ದು ಕರೀತಾನಾ? ಚೆನ್ನಾಗದೆ."

ನಮ್ಮ ಮನೆಯ ಗೆರೆಗಳೇನೂ ನೆಟ್ಟಗಿರಲಿಲ್ಲ. ತಾತನ ತಾಯಿ ಬೇಗ ಹೋದಳು. ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅಕ್ಕ ದೇವಿರಮ್ಮ. ಅವಳನ್ನು ಕಿರುಗಾವಲಿಗೆ ಕೊಟ್ಟರು. ಮುಂದೆ ಅವಳ ಮಗಳು ಸಣ್ಣತಾಯಮ್ಮನನ್ನೇ ತಾತ ಮದುವೆಯಾದ. ಅಕ್ಕನ ಮಗಳನ್ನು ತರುವುದು ನಮ್ಮ ಕಡೆ ವಾಡಿಕೆ, ಯಾರೂ ಹುಬ್ಬೇರಿಸಲಿಲ್ಲ. ಅಕ್ಕ ಅತ್ತೆಯಾದಳು. ತಾತ ಮಾತ್ರ ಅಕ್ಕ ಅನ್ನುವುದನ್ನು ಬಿಡಲಿಲ್ಲ.

ಅಮ್ಮ ಇನ್ನೂ ತೊಟ್ಟಿಲಲ್ಲಿದ್ದಾಗ ಅಜ್ಜಿ ಸಣ್ಣತಾಯಮ್ಮ ಜ್ವರ ಬಂದು ತೀರಿಕೊಂಡಳು. ಕಿರುಗಾವಲಿಗೆ ಹೇಳಿ ಕಳಿಸಿದರು. ಗಂಡನ ಮನೆಯಲ್ಲಿ ಹೆಣ್ಣು ಸತ್ತರೆ ತವರಿನಿಂದ ಸೀರೆ ಬರಬೇಕು, ಅದನ್ನು ಹೊದಿಸಿದ ಮೇಲೆಯೇ ಹೆಣ ಎತ್ತಬೇಕು. ಹೊತ್ತು ಇಳಿಯಿತು, ಬಸ್ಸು ಬರಲಿಲ್ಲ. ಆಗ ಊರಿನ ಯಜಮಾನರೊಬ್ಬರು, "ಗಂಡನೂ ಇವನೇ, ಸೋದರಮಾವನೂ ಇವನೇ. ಇವ್ನು ಒದಿಸಿದ್ರೆ ತವರೇ ಒದಿಸ್ದಂಗೆ, ಎತ್ರಲಾ" ಅಂದರಂತೆ. ತಾತ ಹೂಂ ಅಂದ. ಪೆಟ್ಟಿಗೆಯಿಂದ ಒಂದು ಸೀರೆ ತೆಗೆದು ತಾನೇ ಹೊದಿಸಿದ. ದೇವಿರಮ್ಮ ಹೊಸ ಸೀರೆ ಹಿಡಿದು ಹೊಲಕ್ಕೆ ಓಡಿ ಬರುವಷ್ಟರಲ್ಲಿ ಮಣ್ಣು ಸಮ ಮಾಡುತ್ತಿದ್ದರು.

"ನನ್ ಮಗಳ್ನ ತವರಿಲ್ದೋಳು ಮಾಡ್ಬುಟ್ಟೆ" ಅಂದಳು. "ನಾಳೆ ನಾನು ಸತ್ರೆ ನಿನ್ ಸೀರೆ ನನ್ ಮೈಮೇಲೆ ಬೀಳಕೂಡ್ದು."

ಅವಳ ತವರೆಂದರೆ ಈ ತಮ್ಮನೇ. ಆ ಮಾತನ್ನು ಅವಳು ಕಿರುಗಾವಲಿನಲ್ಲಿ ಎಲ್ಲರಿಗೂ ಹೇಳಿಟ್ಟಳು. ಹತ್ತಿರ ಹತ್ತಿರ ನಲವತ್ತು ವರ್ಷ ಮಾತಿಲ್ಲ. ಅಮ್ಮ ಹಬ್ಬಕ್ಕೆ ಕಿರುಗಾವಲಿನ ತನ್ನ ಅಜ್ಜಿಯ ಮನೆಗೆ ಹೋಗಿಬರುತ್ತಿದ್ದಳು. ತಾತ ಬಸ್ಸು ಹತ್ತಿಸಿ ವಾಪಸ್ಸು ಬರುತ್ತಿದ್ದ.

ಸೀರಿಯಲ್ಲಿನ ಕೊನೆಯ ಕಂತಿನಲ್ಲಿ ಲೀರಾ ತಾನು ಜಾರಿದ್ದ ಕಾಲದ ಬಾಗಿಲನ್ನು ಮುಚ್ಚಬೇಕು. ಮುಚ್ಚಿದರೆ ಅವಳು ಸಾಕಿದವನು ಆಚೆಯೇ ಉಳಿಯುತ್ತಾನೆ. ಅವನನ್ನು ಒಂದು ಮಾತು ಕೇಳಿ ಎಂದು ಜೊತೆಯವರು ಅಂದರು. "ಅವನ ತಾಯಿಯೂ ನಾನೇ, ಮಗಳೂ ನಾನೇ. ಇನ್ನು ಯಾರನ್ನು ಕೇಳಲಿ?" ಎಂದು ಲೀರಾ ಮುಚ್ಚಿಯೇ ಬಿಟ್ಟಳು. ನನಗೆ ಅಳು ಬಂತು.

"ಎರಡ್ ಕಡೇನೂ ಅವಳೇ ಆಗ್ಬುಟ್ರೆ, ಬಾಗ್ಲು ಆಚೆ ನಿಂತವ್ನು ಯಾರ ಕಡೆಯೋನು ಮಗ?" ಅಂದ ತಾತ. ಫೋನನ್ನು ನನ್ನ ಕಡೆ ಸರಿಸಿ, "ನಾನೂ ಅದ್ನೇ ಮಾಡ್ದೆ" ಅಂದ.

ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಇಷ್ಟು ಹೇಳಲು ಈ ಮನುಷ್ಯನಿಗೆ ಅರ್ಧ ಆಯುಷ್ಯ ಬೇಕಾಯಿತೇ? ಮಾರನೆಯ ದಿನವೇ ಅವನನ್ನು ಹೊರಡಿಸಿಕೊಂಡು ಕಿರುಗಾವಲಿಗೆ ಹೋದೆ.

ದೇವಿರಮ್ಮನಿಗೆ ತೊಂಬತ್ತರ ಹತ್ತಿರ. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ತಾತ ಹೊಸ್ತಿಲ ಆಚೆಯೇ ನಿಂತ.

"ಅತ್ತೆ" ಅಂದ. ಅವನ ಬಾಯಲ್ಲಿ ಆ ಮಾತು ಅದೇ ಮೊದಲು. "ಅತ್ತೆ, ನಿನ್ ಮಗಳ್ಗೆ ತವರು ನೀನು, ನಾನಲ್ಲ. ಕಾಯ್ಬೇಕಾಗಿತ್ತು. ತಪ್ಪಾಯ್ತು."

ಅವಳು ಅವನನ್ನು ನೋಡಿದಳು. ಮೊಮ್ಮಗ ರಘುನಂದನನಿಗೆ, "ಬಂದವ್ರಿಗೆ ಉಣ್ಣಾಕಿಕ್ರಿ" ಎಂದು ಗೋಡೆಯ ಕಡೆ ಹೊರಳಿದಳು. ತಾತ ತಲೆ ಬಗ್ಗಿಸಿ ಉಂಡ. ಬಸ್ಸಿನಲ್ಲಿ, "ಸೀರೆ ತತ್ತಾ ಅನ್ನಲಿಲ್ಲ, ಅಲ್ವಾ?" ಎಂದು ನನ್ನನ್ನೇ ಕೇಳಿದ.

ಕಬ್ಬು ಕಡಿಯುವ ಕಾಲಕ್ಕೆ ರಘುನಂದನನ ಫೋನು ಬಂತು, ಅಜ್ಜಿ ಹೋದಳು ಎಂದು. ಬೇರೇನೂ ಹೇಳಲಿಲ್ಲ. ತಾತ ಮಳವಳ್ಳಿಯಲ್ಲಿ ಇಳಿದು ಹಸಿರು ಸೀರೆಯೊಂದನ್ನು ಕೊಂಡ. "ವಾಪಸ್ ಎಸೆದ್ರೆ ಏನಪ್ಪ ಮಾಡ್ತೀಯ?" ಎಂದು ಅಮ್ಮ ಅತ್ತಳು.

"ಎಸೀಲಿ. ತರೋದು ನನ್ ಕೆಲ್ಸ."

ದಾರಿಯಲ್ಲಿ ಕಬ್ಬಿನ ಲಾರಿಯೊಂದು ಅಡ್ಡ ಬಿದ್ದು ಬಸ್ಸು ನಿಂತುಬಿಟ್ಟಿತು. ತಾತ ಕಿಟಕಿಯಾಚೆ ಇಳಿಯುವ ಹೊತ್ತನ್ನೇ ನೋಡುತ್ತ, "ಎತ್ಬುಟ್ಟಿರ್ತಾರೆ ಕಣವ್ವ" ಅನ್ನುತ್ತಲೇ ಇದ್ದ. ನಾವು ಮುಟ್ಟುವಾಗ ಕತ್ತಲು ಕವಿಯುತ್ತಿತ್ತು.

ಚಟ್ಟ ಇನ್ನೂ ಬಾಗಿಲಲ್ಲೇ ಇತ್ತು. ಜನ ಗೊಣಗುತ್ತಿದ್ದರು. ರಘುನಂದನ ಎದ್ದು ಬಂದ.

"ಬಾ ತಾತ. ಒತ್ತು ಮುಳುಗಿದ್ರೂ ಸರಿ, ಪೂರಿಗಾಲಿಯೋರು ಬರೋಗಂಟ ನನ್ನ ಎತ್ತಬ್ಯಾಡಿ ಅಂತ ಏಳ್ಬುಟ್ಟವ್ಳೆ."

ತಾತ ಸೀರೆ ಬಿಡಿಸಿ ಹೊದಿಸಿದ. ಕಾಲಿನ ಹತ್ತಿರ ಸೆರಗನ್ನು ಸರಿಮಾಡಿದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದ.

"ಬಂದೆ ಕಣಕ್ಕ" ಅಂದ.